ಸಣ್ಣ ಊರಿನ ಸಲಿಂಗಿ ಯುವಜನರ ಕಥೆ ಬರೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸಣ್ಣ ಊರು. ಒಬ್ಬ ಸಲಿಂಗಿ ಹುಡುಗ. ವಿಷಯ ಬಯಲಾಗುತ್ತದೆ, ಹೊಡೆತ ಬೀಳುತ್ತದೆ, ಕೊನೆಗೆ ಅವನು ಸಾಯುತ್ತಾನೆ ಇಲ್ಲವೇ ರಾತ್ರಿ ಬಸ್ ಹತ್ತುತ್ತಾನೆ. ಈ ವಿಷಯ ಎತ್ತಿಕೊಂಡ ಹೊಸಬರ ಕಥೆಗಳು ಹೆಚ್ಚಾಗಿ ಇದೇ ದಾರಿ ಹಿಡಿದು ಇಲ್ಲಿಗೇ ಬಂದು ನಿಲ್ಲುತ್ತವೆ. ಬರೆದವರಿಗೆ ಕಳಕಳಿ ಇಲ್ಲ ಅಂತ ಹೇಳುತ್ತಿಲ್ಲ, ತುಂಬಾ ಇದೆ. ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಹೊಡೆತದ ದೃಶ್ಯ ಮೊದಲು ತಲೆಗೆ ಬರುತ್ತದೆ, ಅದನ್ನೇ ಮೊದಲು ಬರೆಯುತ್ತಾರೆ, ಆಮೇಲೆ ಆ ಏಟು ತಿನ್ನಲು ಒಬ್ಬ ಹುಡುಗನನ್ನೂ ಏಟು ಕೊಡಲು ಒಂದು ಊರನ್ನೂ ಹೊಂದಿಸಿಕೊಳ್ಳುತ್ತಾರೆ. ಹಾಗೆ ಹುಟ್ಟಿದ ಹುಡುಗನಿಗೆ ನೋವು ಬಿಟ್ಟು ಬೇರೆ ಗುಣವೇ ಇರುವುದಿಲ್ಲ, ಊರಿಗೆ ಮುಖವೇ ಇರುವುದಿಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕ್ರಮವೇ ಮುಖ್ಯ. ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಹಿಂಸೆಯ ದೃಶ್ಯ ಏಳನೇ ಹಂತದಲ್ಲಿ ಬರುತ್ತದೆ. ಅಲ್ಲಿಯವರೆಗೆ ಕೈ ತಡೆದುಕೊಳ್ಳಿ.

ಶುರು ಮಾಡುವ ಮುಂಚೆ ಏನು ಬೇಕು

ಒಂದು ನೋಟ್‌ಬುಕ್, ಎರಡು ದೊಡ್ಡ ಹಾಳೆ. ಒಂದು ಹಾಳೆ ಊರಿನ ನಕ್ಷೆಗೆ, ಇನ್ನೊಂದು ಯಾರಿಗೆ ಏನು ಗೊತ್ತು ಎಂಬ ಪಟ್ಟಿಗೆ. ಇದನ್ನು ಕಂಪ್ಯೂಟರ್‌ನಲ್ಲಿ ಮಾಡಬಹುದು, ಆದರೆ ಹಾಳೆ ಗೋಡೆಗೆ ಅಂಟಿಸಿದರೆ ಬರೆಯುವಾಗ ಕಣ್ಣೆದುರಿಗೇ ಇರುತ್ತದೆ.

ಜೊತೆಗೆ ನಿಮ್ಮ ಬರಹ ಓದಲು ಕನಿಷ್ಠ ಇಬ್ಬರು ಬೇಕು. ಒಬ್ಬರು ಸ್ವತಃ ಸಲಿಂಗಿಯಾಗಿರಲಿ. ಇನ್ನೊಬ್ಬರು ಸಣ್ಣ ಊರಿನಲ್ಲಿ ವರ್ಷಗಟ್ಟಲೆ ಬದುಕಿದವರಾಗಿರಲಿ. ಎರಡೂ ಒಬ್ಬರಲ್ಲೇ ಸಿಕ್ಕರೆ ನಿಮ್ಮ ಅದೃಷ್ಟ. ನೀವೇ ಅಂಥವರಾಗಿದ್ದರೂ ಇನ್ನೊಬ್ಬರ ಕಣ್ಣು ಬೇಕು, ಯಾಕೆಂದರೆ ನಮ್ಮ ಅನುಭವದಲ್ಲಿ ಯಾವುದು ಹಾಳೆಗೆ ಇಳಿದಿದೆ, ಯಾವುದು ತಲೆಯಲ್ಲೇ ಉಳಿದಿದೆ ಎಂದು ನಮಗೆ ಗೊತ್ತಾಗುವುದಿಲ್ಲ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 19 ವರ್ಷದ ಹುಡುಗ, ಊರಿನ ಒಂದೇ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ, ಊರಿನವರ ಮದುವೆ ಕಾರ್ಡುಗಳನ್ನೆಲ್ಲಾ ಅವನೇ ಅಚ್ಚು ಹಾಕುತ್ತಾನೆ. ನಡುವೆ ಬೇಕಾದಾಗ ವಾಲಿಬಾಲ್ ಆಡುವ ಒಬ್ಬ ಹುಡುಗಿಯನ್ನೂ ಕರೆದುಕೊಳ್ಳೋಣ.

ಹಂತ 1: ವರ್ಷ ಮತ್ತು ದೇಶ ಗಟ್ಟಿ ಮಾಡಿ

"ಎಲ್ಲೋ ಒಂದು ಊರು, ಯಾವುದೋ ಕಾಲ" ಎಂದು ಬಿಟ್ಟರೆ ಈ ಕಥೆ ನಿಲ್ಲುವುದಿಲ್ಲ. ಹುಡುಗನಿಗೆ ಯಾವುದರ ಭಯ, ಸಹಾಯ ಮಾಡಬಲ್ಲವರು ಯಾಕೆ ಸುಮ್ಮನಿದ್ದಾರೆ, ಪೊಲೀಸರ ಹತ್ತಿರ ಹೋಗಬಹುದೋ ಇಲ್ಲವೋ, ಇದೆಲ್ಲ ನೀವು ಹಾಕುವ ವರ್ಷದ ಮೇಲೆ ನಿಂತಿದೆ.

ಭಾರತವನ್ನೇ ತೆಗೆದುಕೊಳ್ಳಿ. 2009ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತೆಗೆದುಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿತ ಸಂಬಂಧವನ್ನು ಸಲಿಂಗ ಸಂಬಂಧಕ್ಕೆ ಶಿಕ್ಷೆ ವಿಧಿಸುತ್ತಿದ್ದ ದಂಡಸಂಹಿತೆಯ 377ನೇ ಸೆಕ್ಷನ್‌ನಿಂದ ಹೊರಗಿಟ್ಟಿತು. 2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಈಗ ನಮ್ಮ ಪ್ರೆಸ್ ಹುಡುಗನನ್ನು 2015ರಲ್ಲಿ ಇಟ್ಟು ನೋಡಿ. ಯಾರೋ ಫೋಟೋ ಇಟ್ಟುಕೊಂಡು ಹಣ ಕೇಳಿದರೆ ಅವನು ಠಾಣೆಗೆ ಹೋಗಲು ಹೆದರುತ್ತಾನೆ, ಯಾಕೆಂದರೆ ಅಲ್ಲಿ ಅವನೇ ಆರೋಪಿಯಾಗಬಹುದು. 2024ರಲ್ಲಿ ಇಟ್ಟರೆ ಕಾನೂನು ಅವನ ಕಡೆ ಇದೆ, ಆದರೂ ಹೋಗುವುದಿಲ್ಲ, ಯಾಕೆಂದರೆ ಠಾಣೆಯಲ್ಲಿರುವವನು ಅಪ್ಪನ ಪರಿಚಯದವನು. ಘಟನೆ ಒಂದೇ, ಕಥೆ ಮಾತ್ರ ಬೇರೆಯೇ ಆಯಿತು.

ಬೇರೆ ದೇಶದ ಕಥೆಯಾದರೂ ಇದೇ ಲೆಕ್ಕ. ಬ್ರಿಟನ್ನಿನಲ್ಲಿ 1988ರಲ್ಲಿ ಬಂದ ಸೆಕ್ಷನ್ 28 ಎಂಬ ಕಾನೂನು ಸ್ಥಳೀಯ ಆಡಳಿತಗಳು ಸಲಿಂಗತ್ವವನ್ನು 'ಪ್ರೋತ್ಸಾಹಿಸಬಾರದು' ಎಂದಿತು. ಸ್ಕಾಟ್ಲೆಂಡ್‌ನಲ್ಲಿ ಅದು ಹೋದದ್ದು 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ. ಆ ವರ್ಷಗಳಲ್ಲಿ ಇಂಗ್ಲೆಂಡಿನ ಸಣ್ಣ ಊರಿನ ಶಾಲೆಯಲ್ಲಿ ಕಥೆ ನಡೆದರೆ, ಒಳ್ಳೆಯ ಟೀಚರ್ ಕೂಡ ಬಾಯಿ ಬಿಡಲು ಹೆದರುತ್ತಾರೆ. ಆ ಮೌನದ ಹಿಂದೆ ಕಾನೂನಿದೆ. ಅದು ಗೊತ್ತಿಲ್ಲದೆ ಬರೆದರೆ ಆ ಟೀಚರ್ ಸುಮ್ನೆ ಕಲ್ಲುಮನಸ್ಸಿನವರಾಗಿ ಕಾಣುತ್ತಾರೆ.

ಫೋನಿನ ಕಾಲವೂ ಮುಖ್ಯ. ಸಲಿಂಗಿ ಪುರುಷರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಗ್ರೈಂಡರ್ ಆ್ಯಪ್ ಬಂದದ್ದು 2009ರಲ್ಲಿ. ಹತ್ತಿರ ಯಾರಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಎಂದು ಅದು ತೋರಿಸುತ್ತದೆ. ಮಹಾನಗರದಲ್ಲಿ ಇದು ಅನುಕೂಲ. ಸಣ್ಣ ಊರಿನಲ್ಲಿ ಮುಖವಿಲ್ಲದ ಪ್ರೊಫೈಲ್ ಒಂದು "200 ಮೀಟರ್" ಎಂದು ತೋರಿಸಿದರೆ, ಆ 200 ಮೀಟರ್‌ನಲ್ಲಿ ಯಾರ್ಯಾರ ಮನೆ ಇದೆ ಎಂದು ಹುಡುಗನಿಗೆ ಬಾಯಿಪಾಠ. ಅವನು ಖುಷಿಪಡಬೇಕೋ ಹೆದರಬೇಕೋ? ಎರಡನ್ನೂ ಒಟ್ಟಿಗೆ ಬರೆಯಿರಿ.

ಎಚ್ಚರಿಕೆಯ ಗುರುತು: ನಿಮ್ಮ ಕಥೆಯನ್ನು 1995ರಿಂದ 2020ಕ್ಕೆ ಎತ್ತಿಟ್ಟರೂ ಒಂದು ಸಾಲೂ ಬದಲಾಗುವುದಿಲ್ಲ ಎಂದರೆ ಈ ಹಂತ ಮುಗಿದಿಲ್ಲ.

ಹಂತ 2: ಅವರಿಗೆ ಬೇರೊಂದು ಆಸೆ ಕೊಡಿ

"ನನ್ನ ಹುಡುಗನಿಗೆ ಏನು ಬೇಕು?" ಎಂದು ಕೇಳಿದರೆ ಹೆಚ್ಚಿನವರು "ಊರು ಅವನನ್ನು ಒಪ್ಪಿಕೊಳ್ಳಬೇಕು" ಎನ್ನುತ್ತಾರೆ. ಅದು ಊರು ಕೊಡಬೇಕಾದದ್ದು. ಹಾಗಾಗಿ ಕಥೆಯುದ್ದಕ್ಕೂ ಅವನು ಕಾಯುತ್ತಾ ಕೂರುತ್ತಾನೆ. ಕಾಯುವವನ ಕಥೆ ಮುಂದೆ ಸಾಗುವುದಿಲ್ಲ.

ಊರಿನ ಒಪ್ಪಿಗೆಗೆ ಸಂಬಂಧವೇ ಇಲ್ಲದ, ಕೈಗೆ ಹತ್ತುವ, ಗಡುವು ಇರುವ ಒಂದು ಆಸೆ ಕೊಡಿ. ಪ್ರೆಸ್ ಹುಡುಗನಿಗೆ ಅಕ್ಷರಗಳ ಹುಚ್ಚು, ತನ್ನದೇ ಒಂದು ಅಕ್ಷರ ವಿನ್ಯಾಸ ಮಾಡಿ ಮುಗಿಸಬೇಕು. ವಾಲಿಬಾಲ್ ಹುಡುಗಿಗೆ ಈ ವರ್ಷದ ಆಯ್ಕೆ ಪಂದ್ಯದಲ್ಲಿ ತಂಡಕ್ಕೆ ಸೇರಬೇಕು. ಈಗ ಅಸಹನೆಗೆ ಅಡ್ಡಗಾಲು ಹಾಕಲು ಒಂದು ನಿಜವಾದ ಜಾಗ ಸಿಕ್ಕಿತು. ಜೊತೆ ಆಟಗಾರ್ತಿಯರು ಅವಳೊಂದಿಗೆ ಕೋಣೆ ಹಂಚಿಕೊಳ್ಳಲು ಒಲ್ಲೆ ಎಂದರೆ ಅವಳು ಕಳೆದುಕೊಳ್ಳುವುದು ಮರ್ಯಾದೆಯನ್ನು ಮಾತ್ರವಲ್ಲ, ಪಂದ್ಯವನ್ನೂ. ಓದುಗರಿಗೆ ನೋವು ತಟ್ಟುವುದು ಇಲ್ಲಿ.

ಈ ಆಸೆಯನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಒಂದೇ ವಾಕ್ಯದಲ್ಲಿ ಬರೆದಿಡಿ. ಒಂಬತ್ತನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಹಂತ 3: ಊರಿನ ನಕ್ಷೆ ಬಿಡಿಸಿ

ಮೊದಲ ಹಾಳೆ ತೆಗೆಯಿರಿ. ಮನೆ, ಕೆಲಸದ ಜಾಗ, ಬಸ್ ನಿಲ್ದಾಣ, ಆಟದ ಮೈದಾನ, ಪ್ರಾರ್ಥನೆಯ ಜಾಗ, ಆಸ್ಪತ್ರೆ, ಎಲ್ಲ ಹಾಕಿ. ಈಗ ಎರಡು ಬಣ್ಣದ ಪೆನ್ನು ತೆಗೆದುಕೊಂಡು ಪ್ರತಿ ಜಾಗಕ್ಕೂ ಗುರುತು ಹಾಕಿ: ಇಲ್ಲಿ ಇಬ್ಬರು ಯಾರ ಕಣ್ಣಿಗೂ ಬೀಳದೆ ಹತ್ತು ನಿಮಿಷ ಇರಬಹುದೇ, ಇಲ್ಲವೇ?

ಮುಗಿಸಿದಾಗ ನಕ್ಷೆ ತುಂಬಾ ಒಂದೇ ಬಣ್ಣ ಕಾಣುತ್ತದೆ. ಕಣ್ಣಿಲ್ಲದ ಜಾಗ ಎರಡೋ ಮೂರೋ ಉಳಿಯುತ್ತವೆ, ಅವೂ ಕೆಲವು ಹೊತ್ತಿನಲ್ಲಿ ಮಾತ್ರ. ನಿಮ್ಮ ಕಥೆಯ ಪ್ರೀತಿ ಪೂರ್ತಿ ಅಲ್ಲೇ ನಡೆಯಬೇಕು. ನಮ್ಮ ಉದಾಹರಣೆಯಲ್ಲಿ ಅದು ಪ್ರೆಸ್‌ನ ಹಿಂದಿನ ಪೇಪರ್ ಗೋದಾಮು, ಅದೂ ಮೆಷಿನ್ ಓಡುವಾಗ ಮಾತ್ರ, ಆ ಸದ್ದಿನಲ್ಲಿ ಮಾತು ಹೊರಗೆ ಕೇಳುವುದಿಲ್ಲ. ಮೆಷಿನ್ ನಿಂತ ಕೂಡಲೇ ಇಬ್ಬರೂ ಮಾತು ನಿಲ್ಲಿಸಬೇಕು. ನೋಡಿ, ಭಯ ಎಂಬ ಪದ ಬರೆಯದೆಯೇ ದೃಶ್ಯಕ್ಕೆ ಭಯ ಬಂತು.

ಇಲ್ಲಿ ಆಗುವ ದೊಡ್ಡ ತಪ್ಪು: ಜೋಡಿಯನ್ನು ಯಾವಾಗಲೂ ಊರಾಚೆಯ ಕೆರೆ ದಂಡೆಗೋ ಗುಡ್ಡಕ್ಕೋ ಕಳಿಸಿಬಿಡುವುದು. ಹಾಗೆ ಕಳಿಸಿದರೆ ಊರಿನ ಒತ್ತಡ ಕಥೆಯಿಂದಲೇ ಹೊರಟುಹೋಗುತ್ತದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಯಾರ್ಯಾರು "ಎಲ್ಲಿಗೆ ಹೊರಟೆ?" ಎಂದು ಕೇಳಿದರು? ಏನು ಸುಳ್ಳು ಹೇಳಿದ? ನಾಳೆ ಅದೇ ಸುಳ್ಳನ್ನು ಯಾರ ಮುಂದೆ ನೆನಪಿಟ್ಟುಕೊಂಡು ಹೇಳಬೇಕು? ಅದನ್ನು ಬರೆಯಿರಿ.

ಹಂತ 4: ಯಾರಿಗೆ ಏನು ಗೊತ್ತು

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದೇ. ಜಾಸ್ತಿ ಜನ ಹಾರಿಸಿಬಿಡುವ ಹಂತವೂ ಇದೇ.

ದೊಡ್ಡ ಊರಿನಲ್ಲಿ ಅಸಹನೆ ಎಂದರೆ ಅಪರಿಚಿತನ ಬೈಗುಳ ಇರಬಹುದು. ಸಣ್ಣ ಊರಿನಲ್ಲಿ ಅಪರಿಚಿತರೇ ಇಲ್ಲ. ಜ್ವರ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವರು, ಕೆಲಸ ಕೊಡಿಸಿದವರು, ಸೈಕಲ್ ಕಲಿಸಿದವರು, ಅವರೇ ನಾಳೆ ಮುಖ ತಿರುಗಿಸುವವರು. ಅದಕ್ಕೇ ಈ ಕಥೆಗಳಲ್ಲಿ ಎಲ್ಲವೂ ಸುದ್ದಿಯ ಮೇಲೆ ನಿಂತಿದೆ. ಯಾರಿಗೆ ಗೊತ್ತಾಯಿತು, ಯಾವಾಗ, ಗೊತ್ತಾದವರು ಅದನ್ನು ಏನು ಮಾಡಿದರು.

ಎರಡನೇ ಹಾಳೆಯಲ್ಲಿ ಎಡಗಡೆ ಪಾತ್ರಗಳ ಹೆಸರು, ಮೇಲೆ ದೃಶ್ಯಗಳ ಸಂಖ್ಯೆ ಬರೆಯಿರಿ. ಪ್ರತಿ ಚೌಕದಲ್ಲಿ ನಾಲ್ಕರಲ್ಲಿ ಒಂದು ಗುರುತು: ಗೊತ್ತಿಲ್ಲ; ಅನುಮಾನ ಇದೆ; ಗೊತ್ತು, ಆದರೆ ಬಾಯಿ ಬಿಟ್ಟಿಲ್ಲ; ಗೊತ್ತು, ಹೇಳಿಯೂ ಆಗಿದೆ. ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಗುರುತು ಬೇಕು: ಈ ವ್ಯಕ್ತಿಗೆ ಎಷ್ಟು ಗೊತ್ತು ಎಂದು *ಹುಡುಗ ಅಂದುಕೊಂಡಿದ್ದಾನೆ*? ಈ ಎರಡು ಗುರುತುಗಳು ಹೊಂದದೇ ಇರುವ ಚೌಕಗಳೇ ನಿಮ್ಮ ಒಳ್ಳೆಯ ದೃಶ್ಯಗಳು.

ಮೂರನೇ ಗುರುತಿನಲ್ಲಿ, ಅಂದರೆ ಗೊತ್ತಿದ್ದೂ ಬಾಯಿ ಬಿಡದವರಲ್ಲಿ, ಚಿನ್ನ ಇದೆ. ಹೊಸಬರ ಕರಡುಗಳಲ್ಲಿ ಇಂಥವರು ಒಬ್ಬರೂ ಇರುವುದಿಲ್ಲ. ನಿಜವಾದ ಊರುಗಳಲ್ಲಿ ಇವರೇ ಜಾಸ್ತಿ. ಪ್ರೆಸ್ ಮಾಲೀಕನಿಗೆ ಬಹಳ ದಿನಗಳಿಂದ ಗೊತ್ತು. ಹೇಳಿಲ್ಲ, ಯಾಕೆಂದರೆ ಹುಡುಗ ಒಳ್ಳೆಯ ಕೆಲಸಗಾರ, ಜೊತೆಗೆ ಆ ಮಾತು ಎತ್ತುವುದು ಹೇಗೆಂದು ಅವನಿಗೂ ಗೊತ್ತಿಲ್ಲ. ಹುಡುಗ ಮಾತ್ರ ಇವನಿಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದಾನೆ. ಒಂದು ದಿನ ಮಾಲೀಕ ಹೇಳುತ್ತಾನೆ: "ಆ ಮನೆ ಕಾರ್ಡು ನೀನು ಕೊಡೋಕೆ ಹೋಗ್ಬೇಡ, ನಾನೇ ಹೋಗ್ತೀನಿ." ಅಷ್ಟೇ. ಆ ಮನೆಯಲ್ಲಿ ಮದುವೆಯಾಗುತ್ತಿರುವವನು ಯಾರು ಎಂದು ಓದುಗರಿಗೆ ಗೊತ್ತಿದೆ. ಮಾಲೀಕ ಕಾಪಾಡುತ್ತಿದ್ದಾನೋ, ಎಚ್ಚರಿಸುತ್ತಿದ್ದಾನೋ, ನಾಚಿಕೆಪಡುತ್ತಿದ್ದಾನೋ? ಹುಡುಗನಿಗೆ ರಾತ್ರಿಯಿಡೀ ನಿದ್ದೆ ಬರುವುದಿಲ್ಲ. ಬೈಗುಳವಿಲ್ಲ, ಏಟಿಲ್ಲ, ಆದರೂ ಕಥೆ ತಿರುಗಿತು.

ಇನ್ನು ಸುದ್ದಿ ಹರಡುವ ದಾರಿ. "ಊರಿಗೆಲ್ಲಾ ಗೊತ್ತಾಗಿಹೋಯಿತು" ಎಂಬ ವಾಕ್ಯ ನಿಮ್ಮ ಕರಡಿನಲ್ಲಿದ್ದರೆ ಈಗಲೇ ಹೊಡೆದುಹಾಕಿ. ಸುದ್ದಿ ತಾನಾಗಿ ಹೋಗುವುದಿಲ್ಲ, ಒಬ್ಬರು ಇನ್ನೊಬ್ಬರಿಗೆ ಹೇಳಬೇಕು, ಹೇಳುವವರಿಗೆ ಒಂದು ಕಾರಣ ಇರಬೇಕು. ಒಬ್ಬರಿಗೆ ಕಾಳಜಿ, ಒಬ್ಬರಿಗೆ ಹಳೇ ಜಗಳ, ಒಬ್ಬರಿಗೆ ಮೊದಲು ಹೇಳಿದ ಹೆಮ್ಮೆ, ಇನ್ನೊಬ್ಬರು ತಮ್ಮ ಮೇಲಿನ ಗಮನ ಬೇರೆ ಕಡೆ ತಿರುಗಲಿ ಎಂದು ಹೇಳುತ್ತಾರೆ. ಕನಿಷ್ಠ ಮೂರು ಕೈಗಳನ್ನು ಹೆಸರಿಟ್ಟು ಬರೆಯಿರಿ.

ಸುದ್ದಿ ಹೋಗುವಾಗ ಆಕಾರವೂ ಬದಲಾಗುತ್ತದೆ. "ಅವನು ಗೇ" ಎಂದು ನೇರವಾಗಿ ಹೊರಡುವುದು ಕಡಿಮೆ. "ಆ ಹುಡುಗನ ಜೊತೆ ಯಾಕೆ ಅಷ್ಟೊಂದು ಓಡಾಟ", "ಏನೋ ಸರಿ ಇಲ್ಲ ಕಣ್ರೀ", "ಸ್ವಲ್ಪ ದೂರ ಇರೋಕೆ ಹೇಳಿ ನಿಮ್ಮ ಮಗನಿಗೆ", ಹೀಗೆ ಅರ್ಧ ಮಾತಿನಲ್ಲೇ ಸಾಗುತ್ತದೆ. ಅರ್ಧ ಮಾತಿಗೆ ಯಾರೂ ಉತ್ತರ ಕೊಡಲಾಗುವುದಿಲ್ಲ, ಇಲ್ಲ ಎಂದು ಹೇಳಿದರೂ ಒಪ್ಪಿಕೊಂಡ ಹಾಗೆ ಆಗುತ್ತದೆ. ಹುಡುಗನ ಉಸಿರು ಕಟ್ಟುವುದು ಇದರಿಂದಲೇ.

ಫೋನಿನ ವಿಷಯವೂ ಪಟ್ಟಿಯಲ್ಲಿರಲಿ. ಮನೆಯವರೆಲ್ಲ ಬಳಸುವ ಫೋನ್, ಪರದೆ ಮೇಲೆ ತಟ್ಟನೆ ಮೂಡುವ ಸಂದೇಶ, ರಿಪೇರಿಗೆ ಕೊಟ್ಟ ಮೊಬೈಲ್, ಯಾರೋ ತೆಗೆದ ಸ್ಕ್ರೀನ್‌ಶಾಟ್. ಆದರೆ ಎಲ್ಲ ಗುಟ್ಟನ್ನೂ ಫೋನಿನಿಂದಲೇ ಬಯಲು ಮಾಡಬೇಡಿ, ಅದು ಸೋಮಾರಿ ದಾರಿ. ಒಂದು ಸಲ ಸಾಕು.

ಹಂತ 5: ವಿರೋಧಿಸುವವರನ್ನೂ ಮನುಷ್ಯರಾಗಿ ಬರೆಯಿರಿ

ಅವರ ತಪ್ಪನ್ನು ಕ್ಷಮಿಸಿ ಎಂದು ಹೇಳುತ್ತಿಲ್ಲ. ಅವರು ನಿಜವಾಗದಿದ್ದರೆ ಅವರು ಕೊಡುವ ನೋವೂ ನಿಜವಾಗುವುದಿಲ್ಲ.

1998ರಲ್ಲಿ ಅಮೆರಿಕದ ವ್ಯೋಮಿಂಗ್ ರಾಜ್ಯದ ಲಾರಮೀ ಊರಿನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ 21 ವರ್ಷದ ಸಲಿಂಗಿ ವಿದ್ಯಾರ್ಥಿಯನ್ನು ಹೊಡೆದು ಬೇಲಿಗೆ ಕಟ್ಟಿ ಬಿಟ್ಟುಹೋದರು, ಕೆಲವು ದಿನಗಳ ನಂತರ ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಶಿಕ್ಷೆಯಾದ ಇಬ್ಬರೂ ಅದೇ ಊರಿನಲ್ಲಿದ್ದ, ಹೆಚ್ಚುಕಡಿಮೆ ಅವನದೇ ವಯಸ್ಸಿನ ಯುವಕರು. ಬರೆಯುವವರು ಇದನ್ನು ಮರೆಯಬಾರದು. ಹೊರಗಿನಿಂದ ಒಬ್ಬ ರಾಕ್ಷಸನನ್ನು ತಂದು ನಿಲ್ಲಿಸಿದರೆ ಊರು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ, ಅಲ್ವಾ?

ಪ್ರತಿ ವಿರೋಧಿಗೂ ಮೂರು ಪ್ರಶ್ನೆ ಕೇಳಿ. ವಿಷಯ ಬಯಲಾದರೆ ಇವರು ಏನು ಕಳೆದುಕೊಳ್ಳುತ್ತಾರೆ? ಈ ಹುಡುಗನಲ್ಲಿ ಇವರಿಗೆ ಇಷ್ಟವಾಗುವುದು ಏನು? ಬಾಯಲ್ಲಿ ಏನು ಹೇಳುತ್ತಾರೆ? ಮೂರಕ್ಕೂ ಉತ್ತರ ಬೇರೆ ಬೇರೆ ಬಂದರೆ ಪಾತ್ರ ಉಸಿರಾಡುತ್ತಿದೆ ಎಂದರ್ಥ. ಅಂಗಡಿಗೆ ಗಿರಾಕಿ ಬರುವುದು ನಿಂತೀತು ಎಂದು ಹೆದರಿದ ಅಪ್ಪ ಧರ್ಮದ ಮಾತು ಆಡುತ್ತಾನೆ. ಅವನಿಗೆ ಧರ್ಮದ ಬಗ್ಗೆ ಅಷ್ಟೇನೂ ತಲೆಬಿಸಿ ಇಲ್ಲ, ಆದರೆ ಅಂಗಡಿಯ ಮಾತು ಆಡಲು ನಾಚಿಕೆ.

ಮೂರು ಪಾತ್ರಗಳ ಬಗ್ಗೆ ವಿಶೇಷ ಎಚ್ಚರ ಬೇಕು.

ಮೊದಲನೆಯದು, ಹೊಡೆಯುವವನೇ ಒಳಗೊಳಗೆ ಸಲಿಂಗಿ ಎಂಬ ತಿರುವು. ತುಂಬಾ ಬಳಸಿ ಸವೆದದ್ದು ಎಂಬುದಕ್ಕಿಂತ, ಅದು ಹಿಂಸೆಯ ಹೊಣೆಯನ್ನು ಮತ್ತೆ ಸಲಿಂಗಿಗಳ ಮೇಲೇ ಹಾಕುತ್ತದೆ. ಊರಿನ ಉಳಿದವರು ಕೈ ತೊಳೆದುಕೊಳ್ಳುತ್ತಾರೆ.

ಎರಡನೆಯದು, ಪೇಟೆಯಿಂದ ಬಂದು ಎಲ್ಲವನ್ನೂ ಸರಿಮಾಡುವ ಗೆಳೆಯ ಅಥವಾ ಟೀಚರ್. ಇವರು ಬಂದ ಕೂಡಲೇ ನಿಮ್ಮ ಹುಡುಗ ಕೆಲಸ ನಿಲ್ಲಿಸುತ್ತಾನೆ. ಹೊರಗಿನವರು ಬರಲಿ, ಆದರೆ ಅವರ ಸಹಾಯದಿಂದ ಒಂದಾದರೂ ಎಡವಟ್ಟು ಆಗಲಿ. ಅವರಿಗೆ ಊರು ಗೊತ್ತಿಲ್ಲವಲ್ಲ.

ಮೂರನೆಯದು, ಊರಿನಲ್ಲೇ ಇರುವ ಹಿರಿಯ ಸಲಿಂಗಿ ವ್ಯಕ್ತಿ. ಇವರನ್ನು ದಯವಿಟ್ಟು ಬರೆಯಿರಿ, ತುಂಬಾ ಕರಡುಗಳಲ್ಲಿ ಇವರೇ ಇಲ್ಲ. ಹುಡುಗ ತಾನೊಬ್ಬನೇ ಅಂದುಕೊಂಡಿರುತ್ತಾನೆ, ಆದರೆ ಅವನಿಗಿಂತ ಮೊದಲೂ ಅಲ್ಲಿ ಜನ ಬದುಕಿದ್ದಾರೆ. ಕೆಲವರು ಮದುವೆಯಾಗಿ, ಕೆಲವರು ಒಂಟಿಯಾಗಿ, ಕೆಲವರು ಇನ್ನೊಬ್ಬರ ಜೊತೆ "ಪಾಲುದಾರ" ಎಂಬ ಹೆಸರಿನಲ್ಲಿ. ಅವರಿಗೆ ತಮ್ಮದೇ ಉಪಾಯಗಳಿವೆ, ತಮ್ಮದೇ ರಾಜಿಗಳಿವೆ, ಖುಷಿಗಳೂ ಇವೆ. "ನೋಡು, ಹೀಗಾಗಬೇಡ" ಎಂದು ತೋರಿಸುವ ಬೊಂಬೆಯಾಗಿ ಮಾತ್ರ ಅವರನ್ನು ನಿಲ್ಲಿಸಬೇಡಿ. ಹುಡುಗನಿಗೆ ಅವರ ಮೇಲೆ ಸಿಟ್ಟು ಬರಲಿ, ಅವರಿಗೆ ಹುಡುಗನ ಧೈರ್ಯ ನೋಡಿ ಹೊಟ್ಟೆಕಿಚ್ಚು ಬರಲಿ.

ಹಂತ 6: ಸಂತೋಷದ ದೃಶ್ಯಗಳನ್ನು ಮೊದಲು ಬರೆಯಿರಿ

ಈ ಹಂತದಲ್ಲಿ ಬರೆಯುವುದು ಶುರು. ಮೊದಲ ಸಾಲಿನಿಂದ ಶುರು ಮಾಡಬೇಡಿ. ಇಬ್ಬರೂ ಖುಷಿಯಾಗಿರುವ ಮೂರು ದೃಶ್ಯಗಳನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ.

ಕಾರಣ ಸರಳ. ಕಳೆದುಕೊಳ್ಳಲು ಏನಾದರೂ ಇದ್ದರೆ ತಾನೇ ಓದುಗರಿಗೆ ಭಯವಾಗುವುದು. ಎಷ್ಟೋ ಕಥೆಗಳಲ್ಲಿ ಪ್ರೇಮಿಗಳು ಸಿಕ್ಕಾಗೆಲ್ಲಾ ಅಳುತ್ತಾರೆ, ಸಮಾಜದ ಬಗ್ಗೆ ಮಾತಾಡುತ್ತಾರೆ. ಪ್ರೀತಿಯಲ್ಲಿ ಬಿದ್ದ 19 ವರ್ಷದವರು ಹಾಗಿರುವುದಿಲ್ಲ. ಅವರು ಕಿಚಾಯಿಸುತ್ತಾರೆ, ಸಣ್ಣದಕ್ಕೆಲ್ಲಾ ಜಗಳವಾಡುತ್ತಾರೆ, ಅಕ್ಷರದ ಬಾಲ ಉದ್ದವಾಯಿತೋ ಗಿಡ್ಡವಾಯಿತೋ ಎಂದು ಅರ್ಧ ಗಂಟೆ ವಾದ ಮಾಡುತ್ತಾರೆ. ಆ ವಾದ ಬರೆಯಿರಿ. ಅದರಲ್ಲಿ ಇಬ್ಬರ ಸ್ವಭಾವವೂ ಹೊರಬರುತ್ತದೆ.

ಒಂದು ನಿಯಮ ಇಲ್ಲಿ ಗಟ್ಟಿ. ಪಾತ್ರ 18 ವರ್ಷಕ್ಕಿಂತ ಚಿಕ್ಕದಾದರೆ ಲೈಂಗಿಕ ದೃಶ್ಯ ಬೇಡವೇ ಬೇಡ. ಎಳೆಯ ವಯಸ್ಸಿನ ಒಲವನ್ನು ಕಾಯುವಿಕೆಯಲ್ಲಿ, ನೋಟದಲ್ಲಿ, ಕೊಟ್ಟು ಮರಳಿ ಪಡೆಯದ ಪುಸ್ತಕದಲ್ಲಿ ಪೂರ್ತಿಯಾಗಿ ಹೇಳಬಹುದು.

ಹಂತ 7: ಈಗ ಹಿಂಸೆ

ಈಗ ಕೇಳಿಕೊಳ್ಳಿ: ಹೊಡೆತದ ದೃಶ್ಯ ಇನ್ನೂ ಬೇಕೇ? ನಾಲ್ಕನೇ ಹಂತ ಸರಿಯಾಗಿ ಮಾಡಿದ್ದರೆ ಅರ್ಧದಷ್ಟು ಕಥೆಗಳಿಗೆ ಬೇಡವಾಗುತ್ತದೆ. ಪಕ್ಕದ ಕುರ್ಚಿ ಖಾಲಿ ಬಿಡುವುದು, ಎಲ್ಲರಿಗೂ ಬಂದ ಕರೆಯೋಲೆ ಒಂದು ಮನೆಗೆ ಬಾರದಿರುವುದು, ಮಗುವನ್ನು ಅವನ ತೋಳಿನಿಂದ ನಗುತ್ತಲೇ ಎತ್ತಿಕೊಳ್ಳುವುದು. ಈ ಕೊನೆಯದು ಎಷ್ಟು ಕ್ರೂರ ಎಂದು ಯೋಚಿಸಿ ನೋಡಿ, ಆದರೆ ಯಾರ ಮೇಲೂ ದೂರು ಕೊಡಲಾಗುವುದಿಲ್ಲ.

ಬೇಕೇ ಬೇಕು ಎಂದಾದರೆ ಈ ಕ್ರಮ ಹಿಡಿಯಿರಿ.

ಹೊಡೆತ ಚಿಕ್ಕದಾಗಿರಲಿ, ಅದರ ನಂತರದ ದಿನಗಳು ಉದ್ದವಾಗಿರಲಿ. ನಾಲ್ಕು ಸಾಲು ಹೊಡೆತಕ್ಕೆ, ನಾಲ್ಕು ಪುಟ ಮರುದಿನಕ್ಕೆ. ಕೆಲಸಕ್ಕೆ ಹೋದಾಗ ಮುಖದ ಗಾಯ ನೋಡಿ ಯಾರು ಏನು ಕೇಳಿದರು, ಯಾರು ಕೇಳಲಿಲ್ಲ? ಹೊಡೆದವನು ಅದೇ ಬೀದಿಯಲ್ಲಿ ದಿನಾ ಎದುರಾಗುತ್ತಾನೆ, ಆಗ ಏನಾಗುತ್ತದೆ? ಸಣ್ಣ ಊರಿಗೇ ಅಂಟಿಕೊಂಡ ನೋವು ಇದು, ಮಹಾನಗರದ ಕಥೆಯಲ್ಲಿ ಸಿಗುವುದಿಲ್ಲ.

ಬೈಗುಳ ಪಾತ್ರದ ಬಾಯಲ್ಲಿ ಮಾತ್ರ ಬರಲಿ, ನಿರೂಪಣೆಯಲ್ಲಿ ಬೇಡ. ಒಂದು ಸಲ, ಸರಿಯಾದ ಜಾಗದಲ್ಲಿ. ಪುಟಪುಟಕ್ಕೂ ಬಂದರೆ ಓದುಗರ ಕಿವಿ ಮರಗಟ್ಟುತ್ತದೆ, ಸಲಿಂಗಿ ಓದುಗರು ಪುಸ್ತಕ ಮುಚ್ಚಿಡುತ್ತಾರೆ.

"ಗುಣಪಡಿಸಲು" ವೈದ್ಯರ ಬಳಿ ಕರೆದುಕೊಂಡು ಹೋಗುವ ದೃಶ್ಯವಿದ್ದರೆ ವರ್ಷ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗತ್ವವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಭಾರತದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿತು. ಆಮೇಲೂ ಮಾಡುವವರು ಇದ್ದಾರೆ, ಬರೆಯಬಹುದು. ಆದರೆ ಆ ವೈದ್ಯ ತಪ್ಪು ಮಾಡುತ್ತಿದ್ದಾನೆ ಎಂಬುದು ಓದುಗರಿಗೆ ಯಾವುದೋ ರೀತಿಯಲ್ಲಿ ಗೊತ್ತಾಗಬೇಕು. ನಿಮ್ಮ ಓದುಗರಲ್ಲಿ ಅಂಥದ್ದೇ ಕೋಣೆಯ ಹೊರಗೆ ಕೂತಿರುವ ಒಬ್ಬ ಹುಡುಗ ಇರಬಹುದು.

ಆತ್ಮಹತ್ಯೆಯ ವಿಷಯದಲ್ಲಿ ನನ್ನ ಮಾತು ನೇರ. ಕಥೆಗೆ ಕೊನೆ ಸಿಗದಿದ್ದಾಗ ಅದನ್ನು ಕೊನೆಯಾಗಿ ಬಳಸಬೇಡಿ. ಸಿನಿಮಾ, ನಾಟಕ ಮಾಡುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಕೈಪಿಡಿ ಹೊರತಂದಿತು. ಕಥೆಗಾರರಿಗೂ ಅದು ಹೊಂದುತ್ತದೆ. ವಿಧಾನವನ್ನು ವಿವರಿಸಬೇಡಿ, ಒಂದೇ ಕಾರಣಕ್ಕೆ ಗಂಟು ಹಾಕಬೇಡಿ, ಕಷ್ಟದಿಂದ ಹೊರಬರುವ ದಾರಿಗಳನ್ನೂ ಸಹಾಯ ಕೇಳುವವರನ್ನೂ ತೋರಿಸಿ ಎನ್ನುವುದು ಅದರ ತಿರುಳು. ಆ ಯೋಚನೆ ಬಂದ ಪಾತ್ರವನ್ನು ಬರೆಯಬಹುದು. ಆ ರಾತ್ರಿ ದಾಟಿಸಿದ್ದು ಏನು, ಯಾರು ಫೋನ್ ಎತ್ತಿದರು, ಬೆಳಗ್ಗೆ ಏನಾಯಿತು ಎಂಬುದನ್ನೂ ಬರೆಯಿರಿ.

ಹಂತ 8: ಹೇಳಿಕೊಳ್ಳುವ ದೃಶ್ಯ

ತಾನು ಸಲಿಂಗಿ ಎಂದು ಮನೆಯಲ್ಲಿ ಹೇಳುವ ದೃಶ್ಯ ಸಾಮಾನ್ಯವಾಗಿ ಭಾಷಣವಾಗಿಬಿಡುತ್ತದೆ. ಹುಡುಗ ಒಂದು ಪುಟ ಮಾತಾಡುತ್ತಾನೆ, ಅಮ್ಮ ಅಳುತ್ತಾಳೆ, ಅಪ್ಪ ಎದ್ದು ಹೋಗುತ್ತಾನೆ.

ಒಂದು ಪರೀಕ್ಷೆ ಇದೆ. ಆ ದೃಶ್ಯದಿಂದ "ನಾನು ಗೇ" ಎಂಬ ವಾಕ್ಯ ತೆಗೆದುಹಾಕಿ ಓದಿ. ಆಗಲೂ ಏನಾಗುತ್ತಿದೆ ಎಂದು ಅರ್ಥವಾದರೆ ದೃಶ್ಯ ಗಟ್ಟಿ ಇದೆ. ಆಮೇಲೆ ಬೇಕಾದರೆ ವಾಕ್ಯ ಮರಳಿ ಸೇರಿಸಿ. ಅಮ್ಮ ಬಟ್ಟೆ ಮಡಿಸುತ್ತಾ "ಅವನು ಈಗ ಬರೋದೇ ಇಲ್ವಲ್ಲ" ಎನ್ನುತ್ತಾಳೆ. ಹುಡುಗ "ಬರಬೇಡ ಅಂದೆ" ಎನ್ನುತ್ತಾನೆ. ಅವಳು ಅದೇ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸುತ್ತಾಳೆ, "ನಾನೇನಾದ್ರೂ ಅಂದ್ನಾ?" ಎಂದು ಕೇಳುತ್ತಾಳೆ. ಇಷ್ಟರಲ್ಲೇ ಅವಳಿಗೆ ಗೊತ್ತಿದೆ, ಗೊತ್ತಿರುವುದು ಅವನಿಗೂ ಈಗ ಗೊತ್ತಾಯಿತು.

ಹೇಳಿಕೊಳ್ಳುವುದು ಒಂದೇ ಸಲ ಮುಗಿಯುವ ಕೆಲಸವೂ ಅಲ್ಲ. ಅಮ್ಮನಿಗೆ ಒಂದು ರೀತಿ, ಗೆಳತಿಗೆ ಇನ್ನೊಂದು ರೀತಿ, ಕೆಲವರಿಗೆ ಎಂದಿಗೂ ಇಲ್ಲ. ಹೇಳದೇ ಉಳಿಯುವುದನ್ನು ಹೇಡಿತನ ಎಂದು ನಿಮ್ಮ ಕಥೆ ಸೂಚಿಸುತ್ತಿದೆಯೇ ಎಂದು ನೋಡಿಕೊಳ್ಳಿ. ಮನೆಯಿಂದ ಹೊರಹಾಕಿದರೆ ಇರಲು ಜಾಗವಿಲ್ಲದವನು ಬಾಯಿ ಮುಚ್ಚಿಕೊಂಡಿರುವುದು ಬುದ್ಧಿವಂತಿಕೆ.

ಹಂತ 9: ಕೊನೆ ಹುಡುಕುವುದು

ನೋಟ್‌ಬುಕ್‌ನ ಮೊದಲ ಪುಟ ತೆರೆಯಿರಿ. ಅಲ್ಲಿ ಬರೆದ ಆಸೆಗೆ ಕೊನೆಯಲ್ಲಿ ಉತ್ತರ ಸಿಗಬೇಕು: ಅಕ್ಷರ ವಿನ್ಯಾಸ ಮುಗಿಯಿತೇ, ಹುಡುಗಿ ತಂಡ ಸೇರಿದಳೇ? ಊರು ಒಪ್ಪಿತೋ ಇಲ್ಲವೋ ಎಂಬುದು ಅದರ ಹಿಂದೆ ಬರಲಿ. ಹಾಗೆ ಮಾಡಿದರೆ ಸಾವು ಇಲ್ಲವೇ ಬಸ್ಸು ಎಂಬ ಎರಡೇ ಬಾಗಿಲುಗಳ ಮನೆಯಿಂದ ನಿಮ್ಮ ಕಥೆ ಹೊರಬರುತ್ತದೆ.

ಊರು ಬಿಡುವ ಕೊನೆಯನ್ನು ಬರೆಯಲೇಬಾರದು ಅಂತಲ್ಲ. ಎಷ್ಟೋ ಜನ ನಿಜವಾಗಿಯೂ ಬಿಡುತ್ತಾರೆ, ಬಿಟ್ಟು ಬದುಕುತ್ತಾರೆ. ಆದರೆ ಬಸ್ ಹತ್ತಿದ ಕೂಡಲೇ ಗೆಲುವು ಎಂದು ಮುಗಿಸಿದರೆ ಅರ್ಧ ಸತ್ಯ. ಬಿಟ್ಟುಹೋದದ್ದು ಏನು? ಹಿಂದೆ ಉಳಿದ ಪ್ರೇಮಿ, ಆ ಹಿರಿಯರು, ಮಾತಾಡಲು ಶುರುಮಾಡಿದ್ದ ಅಮ್ಮ? ಉಳಿಯುವ ಕೊನೆಯೂ ಇದೆ. ಕೆಲವು ಮನೆಗಳ ಬಾಗಿಲು ಮುಚ್ಚಿ, ಕೆಲವು ತೆರೆದು, ಹುಡುಗ ತನ್ನದೇ ಷರತ್ತಿನಲ್ಲಿ ಅಲ್ಲೇ ಬದುಕುವುದು. ಇಡೀ ಊರು ಒಂದೇ ಸಲ ಮನಸ್ಸು ಬದಲಿಸುವ ಕೊನೆ ಮಾತ್ರ ಬೇಡ, ಯಾರೂ ನಂಬುವುದಿಲ್ಲ. ನಾಲ್ಕನೇ ಹಂತದ ಪಟ್ಟಿಯಲ್ಲಿ ಒಬ್ಬರ ಚೌಕ ಬದಲಾದರೂ ಕಥೆಗೆ ಅದು ದೊಡ್ಡ ಬದಲಾವಣೆಯೇ.

ಹಂತ 10: ಓದಿಸುವುದು, ಗುರುತು ಅಳಿಸುವುದು

ಕರಡು ಮುಗಿದ ಮೇಲೆ ಶುರುವಿನಲ್ಲಿ ಹೇಳಿದ ಆ ಇಬ್ಬರು ಓದುಗರಿಗೆ ಕೊಡಿ. "ಹೇಗಿದೆ?" ಎಂದು ಕೇಳಬೇಡಿ, ಚೆನ್ನಾಗಿದೆ ಎಂಬ ಉತ್ತರ ಬರುತ್ತದೆ. ಎಲ್ಲಿ ಓದುವುದು ನಿಲ್ಲಿಸಬೇಕು ಅನ್ನಿಸಿತು, ಯಾವ ಮಾತು ಯಾರೂ ಆಡುವುದಿಲ್ಲ, ಯಾರ ಮೇಲೆ ನಂಬಿಕೆ ಹುಟ್ಟಲಿಲ್ಲ, ಈ ಮೂರು ಕೇಳಿ. ಸಲಿಂಗಿ ಓದುಗರು "ಇದು ಓದಿ ಸುಸ್ತಾಯಿತು" ಎಂದರೆ ವಾದ ಮಾಡದೆ ಆರನೇ ಹಂತಕ್ಕೆ ವಾಪಸ್ ಹೋಗಿ.

ಪ್ರಕಟಿಸುವ ಮುಂಚೆ ಇನ್ನೊಂದು ಕೆಲಸ ಇದೆ, ಇದನ್ನು ಮರೆತರೆ ಆಗುವ ಹಾನಿ ಕಥೆಯದ್ದಲ್ಲ, ಮನುಷ್ಯರದ್ದು. ನಿಮ್ಮ ಪಾತ್ರಕ್ಕೆ ನಿಜವಾದ ವ್ಯಕ್ತಿ ಮೂಲವಾಗಿದ್ದರೆ ಹೆಸರು ಬದಲಿಸಿದರೆ ಸಾಲುವುದಿಲ್ಲ. ಊರಿನ ಒಂದೇ ಪ್ರೆಸ್‌ನಲ್ಲಿ ಕೆಲಸ ಮಾಡುವ ಹುಡುಗ ಎಂದು ಬರೆದರೆ ಆ ಊರಿನವರಿಗೆ ಇನ್ನೇನು ಬೇಕು? ವೃತ್ತಿ, ಮನೆ ಇರುವ ಬೀದಿ, ಅಣ್ಣತಮ್ಮಂದಿರ ಸಂಖ್ಯೆ, ಮೈಮೇಲಿನ ಗುರುತು, ಎಲ್ಲರ ಬಾಯಲ್ಲೂ ಇರುವ ಒಂದು ಘಟನೆ, ಇವುಗಳಲ್ಲಿ ಎರಡು ಹೊಂದಿದರೂ ಗುರುತು ಸಿಗುತ್ತದೆ. ಕನಿಷ್ಠ ವೃತ್ತಿ, ಮನೆಯವರು ಮತ್ತು ಮುಖ್ಯ ಘಟನೆ, ಈ ಮೂರನ್ನೂ ಬದಲಿಸಿ. ನಿಮ್ಮ ಹೆಸರಿನಿಂದಲೇ ಊರು ಗೊತ್ತಾಗುವಂತಿದ್ದರೆ ಬೇರೆ ಹೆಸರಿನಲ್ಲಿ ಪ್ರಕಟಿಸುವುದನ್ನೂ ಯೋಚಿಸಿ.

ಆಮೇಲೆ ಆ ವ್ಯಕ್ತಿಗೆ ಓದಲು ಕೊಡಿ. ಸಂದೇಶದಲ್ಲಿ ಕಳಿಸಬೇಡಿ, ಅವರ ಫೋನ್ ಯಾರ ಕೈಯಲ್ಲಿರುತ್ತದೋ ನಿಮಗೆ ಗೊತ್ತಿಲ್ಲ. ಕೂತು ಓದಲು ಬಿಡಿ, ಹಾಳೆ ವಾಪಸ್ ತೆಗೆದುಕೊಂಡು ಬನ್ನಿ. ಅವರು ಬೇಡ ಎಂದ ಭಾಗವನ್ನು ತೆಗೆಯಿರಿ, ಅದು ಕಥೆಯ ಅತ್ಯುತ್ತಮ ಪುಟವಾಗಿದ್ದರೂ ಸರಿ. ಪೂರ್ತಿ ಬೇಡ ಎಂದರೆ ಹಂತ 2ಕ್ಕೆ ಮರಳಿ, ಬೇರೆ ಆಸೆಯಿರುವ ಬೇರೆ ಹುಡುಗನಿಂದ ಶುರು ಮಾಡಿ.